ಮೂರರ ಮಗ್ಗಲಿಗೊಂದು ಗೆರಿ

ಚಪ್ಪಲಿ ಬಿಡಲಾಕ ನಾ ಬಗ್ಗಬೇಕಂತಿಲ್ಲ,
ಅದೇ ನನ್ನ ಬಿಟ್ಟು ಹೋಗ್ತದ.
ಬಲಗಾಲಿಂದು ದವಾಖಾನಿ ಮೆಟ್ಟಲದಾಗೇ ಉಳದಿತ್ತು,
ವಾಚ್‌ಮನ್ ಎರಡೂ ಕೈಲೆ ತಂದು ಕೊಟ್ಟ,
ಪ್ರಸಾದ ಕೊಟ್ಟಂಗ.

"ನಡೀರಿ ಜಗದೇವಿಯವರೇ," ಅಂದಳು ನಿಖತ್ ಡಾಕ್ಟರ್,
"ಈ ಗ್ವಾಡಿಯಿಂದ ಆ ಗ್ವಾಡಿ ತನ."
ಹದಿನಾರು ಶಹಾಬಾದಿ ಫರಸಿ. ಎಣಿಸಿದೆ.
ಫರಸಿ ಫರಸಿ ನಡುವಿನ ಸಂದಿ
ಮಂದಿಗೆ ಕಾಣೂದಿಲ್ಲ,
ನನ್ನ ಹೆಬ್ಬೆರಳಿಗೆ ಒಂದೊಂದೂ ಗೊತ್ತದ.
ಸೀರಿ ನೆನೀಬಾರ್ದಂತ ಮೊಣಕಾಲು ಎತ್ತೆತ್ತಿ
ಹಳ್ಳ ದಾಟಾಕಿ ನಡೀತಾಳಲ್ಲ,
ಹಂಗ ನಡದೆ.
ಹನ್ನೊಂದು ಸೆಕೆಂಡು ಅಂತ ಬರಕೊಂಡಳು.
ಹಳ್ಳ ಬರಕೊಳ್ಳಲಿಲ್ಲ.

ಮಂಚದ ಮ್ಯಾಲ ಮಲಗಿಸಿ ಪಾದದ ಮ್ಯಾಲ ಕೈ ಇಟ್ಟಳು.
"ಮ್ಯಾಲೆತ್ರಿ. ಹಿಡೀರಿ.
ನಾ ಒತ್ತತೀನಿ, ನೀವು ಬಿಡಬ್ಯಾಡ್ರಿ."
ನಾ ಬಿಡಲಿಲ್ಲ.
ಪಾದ ಹೋಯ್ತು.

ಮೂರು, ಅಂದಳು. ಮೂರಂದ್ರ
ಭೂಮಿ ಜಗ್ಗೂದನ್ನ ತಡೀತದ,
ಅದರ ಮ್ಯಾಲ ಮನಷ್ಯಾರ ಒಂದು ಬೆರಳಿನ ಭಾರ ತಡಿಯಂಗಿಲ್ಲ.
ಸ್ವಲ್ಪ ತಡದು
ಮೂರರ ಮಗ್ಗಲಿಗೊಂದು ಸಣ್ಣ ಗೆರಿ ಎಳದಳು,
ಕಚ್ಚಾ ಹೊಲಿಗಿ ಹಾಕ್ತೀವಲ್ಲ, ಹಂಗ.
ಬಿಚ್ಚಲಾಕ ಬರ್ತದನಸ್ತು ಒಂದು ಗಳಿಗಿ.

ತೊಡಿಗೆ ಮಾತ್ರ ಐದಕ್ಕೈದು.
ಅಕಿ ಮೈಯೆಲ್ಲಾ ಹಾಕಿ ಒತ್ತಿದಳು,
ಅಕಿ ಕುರ್ತಾದ ಕಂಕುಳ ಹೊಲಿಗಿ ಪಟ್ ಅಂತು,
ತೊಡಿ ಅಲ್ಲಾಡಲಿಲ್ಲ.
ಈ ಬ್ಯಾನಿ ತೊಡಿ ಮುಂದಿನ ಮಾಂಸ ಮುಟ್ಟಂಗಿಲ್ಲಂತ.
ಯಾಕಂದ್ರ ದೊಡ್ಡ ದೊಡ್ಡವರಿಗೂ ಗೊತ್ತಿಲ್ಲಂತ.
ಕಳ್ಳ ಹೊಕ್ಕ ಮನ್ಯಾಗ ಒಂದು ಖೋಲಿ ಬಿಟ್ಟಂಗ.

ನನ್ನ ರಕ್ತ ಹೈದರಾಬಾದಿಗೆ ಹೋಗಿ
ಎರಡು ತಿಂಗಳಿಗೆ ಒಂದು ಉದ್ದನ ಹೆಸರು ತೊಗೊಂಡು ಬಂದಿತ್ತು.
ಹತ್ತು ಲಾಖ ಮಂದ್ಯಾಗ ನಾಕೈದು ಮಂದಿಗೆ ಅಂದ್ರು.
ಹಂಗಿದ್ರ ಕಲಬುರಗ್ಯಾಗ
ನಾವು ಇಬ್ಬರೋ ಮೂವರೋ ಇರಬೇಕು.
ಅವತ್ತಿನಿಂದ ಸೂಪರ್ ಮಾರ್ಕೆಟ್‌ನಾಗ
ಮಂದಿ ಮುಖ ಬಿಟ್ಟು ಕಾಲು ನೋಡ್ಕೋತ ಹೋಗ್ತೀನಿ,
ಒಣ ರಸ್ತಾದಾಗ ಯಾರರೆ
ಹಳ್ಳ ದಾಟಲಾಕತ್ತಾರೇನಂತ.

ಕಡೀಕ ಮೀನಖಂಡದ ಸುತ್ತ ಟೇಪು ಹಿಡದಳು.
ತುದಿಯ ತಗಡು ಕಿತ್ತು ಹೋಗಿತ್ತು,
ಮೊದಲಿನ ಅರ್ಧ ಇಂಚು ಅಲ್ಲಿರಲೇ ಇಲ್ಲ.
"ಇಪ್ಪತ್ತೆಂಟೂವರಿ! ಹ್ವಾದ ಸಲದಷ್ಟೇ ಅದ ನೋಡ್ರಿ!"
ಅಕಿ ಮುಖ ಅರಳ್ತು.

ಸುಮ್ಮ ಕುಂತೆ.
ಅರ್ಧ ಇಂಚು ಮಾಂಸ ಧರ್ಮಕ್ಕ ಸಿಕ್ಕಿತ್ತು,
ಯಾರು ಬ್ಯಾಡಂತಾರ?
ಖರೆ ಇಪ್ಪತ್ತೆರಡು ವರ್ಷ ಮಂದಿ ಮೈ ಅಳದೀನಿ,
ಎದಿ, ನಡ, ತೋಳು, ಕುತ್ತಿಗಿ,
ಸುಳ್ಳು ಅಳತಿಗೆ ಒಂದಿನ ಕತ್ತರಿ ಇಟ್ಟಾಕಿ ಅಲ್ಲ.

ಚೀಲದಾಗಿಂದ ನನ್ನ ಟೇಪು ತೆಗದು ಕೊಟ್ಟೆ.
ಅಳದಳು.
ಇಪ್ಪತ್ತೇಳು, ಮ್ಯಾಲ ಎರಡು ಗೆರಿ.
ಬರದದ್ದು ಹೊಡದು ಹಾಕಿದಳು, ಹೊಸಾದು ಬರದಳು,
ತೆಲಿ ಎತ್ತಲಿಲ್ಲ.

"ಆರು ತಿಂಗಳಿಗೆ ಬರ್ರಿ," ಅಂದಳು ಆಮ್ಯಾಲ,
"ಇದೇ ಟೇಪು ತರ್ರಿ."
ತರ್ತೀನಿ, ಅಂದೆ.
ಅವತ್ತು ನೀವು ಈ ಕುರ್ತಾ ತರ್ರಿ,
ಕಂಕುಳ ಒಳಗ ಮಡಚಿ ಬಟ್ಟಿ ಬಿಟ್ಟಿರ್ತಾರ,
ಅರ್ಧ ಇಂಚು ಬಿಚ್ಚಿ ಕೊಡ್ತೀನಿ.

ಅಕಿ ನನ್ನ ಪಾದ ನೋಡಿದಳು.

ಮಷೀನಿಗೆ ಮೋಟರ್ ಹಚ್ಚಿಸೀನ್ರಿ, ಅಂದೆ.
ಕಾಲು ಬೇಕಾಗಂಗಿಲ್ಲ.