ಒಂದ ಕಡ್ಡಿ

ಅಮಾಸಿ ದಿನ ವಖಾರಿ ಬಂದ್.
ಆದ್ರೂ ನಿಪ್ಪಾಣಿ ತುಂಬ ಅದ ಘಾಟು;
ಸೀನು ಬಂದ್ರ ಪರ ಊರಾವ, ಬರಲಿಲ್ಲಂದ್ರ ನಮ್ಮಾವ.
ಚೌಗಲೆ ಮಾಲಕರ ಕಟ್ಟಿ ಮ್ಯಾಲ, ಮೂರು ಗಂಟೆಕ್ಕ,
ನಾಕು ಮಂದಿ, ನಾಕು ಚುಟ್ಟಾ,
ಒಬ್ಬೊಬ್ಬಗ ಒಂದ ಕಡ್ಡಿ.

ಕಾಯ್ದೆ ಇಷ್ಟ: ಆರಿದ್ರ ಸೋತಿ.
ಕಡೀಕ ಯಾರ ಬಾಯಾಗ ಕೆಂಡ ಉಳೀತೋ
ಅಂವಗ ಒಂದು ಪೆಂಟಿ ಬೆಲ್ಲ.
ಗಡಿಯಾರ ನನ್ನ ಕೈಯಾಗ.
ಒಂಬತ್ತು ವರ್ಷದಾಕಿಗೆ ಮುಳ್ಳು ಓದಾಕ ಬರತೈತಿ ಅಂತ
ನನ್ನ ಕರೀತಿದ್ರು.

ತಿಂಗಳೆಲ್ಲ ಬೀಡಿ ಸುತ್ತಾಕಿ ಅವ್ವ
ಅಮಾಸಿಗೆ ಮಾತ್ರ ನಾಕು ಚುಟ್ಟಾ ಸುತ್ತಿ
ನಾಕು ಬಣ್ಣದ ದಾರ ಕಟ್ಟಿ ಕಳಸಾಕಿ.
ಕೆಂಪಂದು ಮಾಲಕರಿಗೆ, ಮರೀಬ್ಯಾಡ.
ಚಂದ ಕಾಣಲಿ ಅಂತ ಕಟ್ಟಾಳ ಅನಕೊಂಡಿದ್ದೆ.

ಮಾಲಕರದು ಭಾಳ ಲಗೂ.
ಜಗ್ಗಿದ್ದು ಒಂದ ಸಲ, ಬೂದಿ ಎರಡು ಬಟ್ಟು.
ಇಪ್ಪತ್ತೆರಡು ನಿಮಿಷಕ್ಕ ತುಟಿ ಸುಟ್ಟು
ಧೋತರ ಝಾಡಿಸಿ ಏಳತಿದ್ರು:
ಸಾವಕಾಶ ಸೇದೂದು ಉದ್ಯೋಗ ಇಲ್ಲದವರ ಉದ್ಯೋಗ!

ಹುದ್ದಾರ ಮಾಸ್ತರು ಒಂದು ಝುರಕಿಗೆ ಒಂದು ಉಪದೇಶ.
ಉಪದೇಶ ಅರ್ಧಕ್ಕ ಬರೂದ್ರಾಗ
ಕೆಂಡ ಕಣ್ಣು ಮುಚ್ಚತಿತ್ತು.
ಊದಿ ನೋಡಾವ್ರು, ತಿರಿವಿ ನೋಡಾವ್ರು,
ಆಮ್ಯಾಲ ನನ್ನ ಕಡೆ ನೋಡಾವ್ರು,
ಗಡಿಯಾರದ್ದ ತಪ್ಪು ಅನ್ನೂವಂಗ.

ಕಾಟಾ ತೂಗೂ ದತ್ತೋಬಾ
ತಕ್ಕಡಿ ಮುಳ್ಳು ನೋಡಿದಂಗ ಬೂದಿ ನೋಡಾಂವ.
ಒಂದು ತಾಸಿಗೆ ಐದು ನಿಮಿಷ ಕಮ್ಮಿ, ಪ್ರತಿ ಅಮಾಸಿಗೂ.

ಇಸ್ಮಾಯಿಲ್ ತಹಶೀಲ್ದಾರ, ಲಾರಿ ಹೊಡಿಯಾಂವ,
ತವಂದಿ ಘಾಟ ಲೋಡ್ ಗಾಡಿ ಏರಿಸಿದಂಗ ಸೇದತಿದ್ದ,
ಮೊದಲ್ನೇ ಗೇರಿನ್ಯಾಗ,
ಇಂಜಿನ್ ಆರಗೊಡದ, ಓಡಗೊಡದ.
ಕಟ್ಟಿ ಖಾಲಿ ಆಗತಿತ್ತು. ಚಾದ ಕಪ್ಪು ಒಣಗತಿದ್ದುವು.
ನನಗ ಹಸಿವಾಗತಿತ್ತು.
ಅವನ ಬಾಯಾಗಿನ ಚುಕ್ಕಿ ಮಾತ್ರ
ಯಾರದೋ ಮಾತು ನೆನಪಾದಂಗ
ಕೆಂಪಾಗಿ, ಕಪ್ಪಾಗಿ, ಕೆಂಪಾಗಿ.
ಒಂದು ತಾಸು ನಲವತ್ತು ನಿಮಿಷ.
ಊರಾಗೆಲ್ಲ ಅವನ ಪುಪ್ಪುಸದ್ದ ಮಾತು.
ಬೆಲ್ಲ ಒಡದು ಅರ್ಧ ನನ್ನ ಲಂಗದಾಗ ಹಾಕತಿದ್ದ.

ನಲವತ್ತು ವರ್ಷ ಆತು.
ಅವ್ವನ ಕಣ್ಣಿನ ಆಪರೇಶನ್ನಿಗೆ ಬೆಳಗಾವಿಗೆ ಹೊಂಟೀವಿ.
ಬಸ್ಸು ಪೇಟೆ ದಾಟಿದಕೂಡ್ಲೆ
ಯಾರೂ ಕೇಳದ ಮಾತಿಗೆ ತಾನ ನಕ್ಕಳು.

ಸೇದಾವರ ಕೈಯಾಗ ಏನಿತ್ತ, ಹುಚ್ಚಿ?
ಸುತ್ತಾಕಿ ಕೈಯಾಗಿತ್ತು.
ಮಾಲಕಂದು ಸಡ್ಲ. ಪೊಳ್ಳು.
ಸಾವಿರ ಬೀಡಿಗೆ ನೂರು ಛಾಟ್ ಅಂತ ತಗದು
ಅವನ್ನೂ ಮಾರಕೋತಿದ್ದ, ಉರೀಲಿ ಅಂದೆ.
ಮಾಸ್ತರಂದ್ರ ಹೊಟ್ಟ್ಯಾಗ ಒಂದು ಹಸೀ ದೇಟು.
ನಿಮ್ಮಣ್ಣನ ಬಟ್ಟು ರೂಲಕಟ್ಟಿಲೆ ಒಡದಿದ್ದ, ನೆನಪೈತಿ?
ದತ್ತೋಬಾಂದು ನೆಟ್ಟಗ.
ಅಂವ ತೂಕದಾಗ ಕೈ ಆಡಸಲಿಲ್ಲ, ನಾನೂ ಆಡಸಲಿಲ್ಲ.

ಇಸ್ಮಾಯಿಲ್ ಮಾವಂದು?

ಬಿಗಿ, ಅಂದ್ಲು.
ಭಾಳ ಬಿಗಿ ಸುತ್ತತಿದ್ದೆ.

ಯಾಕ ಅಂದೆ.
ಬಸ್ಸು ಘಾಟ ಹತ್ತಿತ್ತು, ಗೇರು ಇಳಿದು
ಕಿಡಕಿ ಗಾಜೆಲ್ಲ ನಡಗಾಕತ್ತಿದ್ದುವು.
ಪರೆ ಬಂದ ಕಣ್ಣಿಲೆ ಆಕಿ ಹೊರಗ
ಏನು ನೋಡತಿದ್ಲೋ.
ಬಟ್ಟು ಮಾತ್ರ ಸುಮ್ಮನಿರಲಿಲ್ಲ.
ಬಸ್ಸಿನ ತಿಕೀಟು ತೊಡಿ ಮ್ಯಾಲಿಟ್ಟು
ಹೊರಳಿಸಿ, ಒತ್ತಿ, ಹೊರಳಿಸಿ,
ತುದಿ ಹೆಬ್ಬಟ್ಟಿನ ಉಗರಿಲೆ ಮಡಚಿ ಒಳಗ ತುರುಕಿ
ನನ್ನ ಅಂಗೈಯಾಗಿಟ್ಲು.

ಸಂಕೇಶ್ವರದಾಗ ಚೆಕಿಂಗ್‌ನಾಂವ ಹತ್ತಿದ.
ಬಿಚ್ಚಾಕ ಭಾಳ ಹೊತ್ತು ಹಿಡೀತು.