ನೆಟ್ ಕಟ್ಟುತ್ತಿದ್ದ ಜಾಗ

ಪಾಸಿನಲ್ಲಿ ನಲವತ್ತು ಹೆಸರು.
ಮೂವತ್ತೊಂಬತ್ತನೆಯದು ನಾನು: ಸೆಲ್ವರಾಜ್, ಫೋಟೋ.
ನಲವತ್ತನೆಯವರು ಅಡುಗೆ ಭಟ್ಟರು.
ವಾಲಗದವರಿಗೆ ಜಾಗ ಸಾಲಲಿಲ್ಲ,
ಅವರನ್ನು ಮೊಬೈಲಿನೊಳಗೆ ಕೂರಿಸಿದ್ದರು.

ಜನವರಿಯಲ್ಲಿ ಮುಂಗಡ ಕೊಟ್ಟಾಗ ಆಡಿದ ಮಾತೇ ಬೇರೆ:
ಶಿವಮೊಗ್ಗದ ಛತ್ರ, ಎಂಟುನೂರು ಎಲೆ,
ಡ್ರೋನು, ಕ್ರೇನು, ತುಂಗೆಯ ದಂಡೆಯಲ್ಲಿ ಸಂಜೆ ಪೂರ್ತಿ
ಇಬ್ಬರನ್ನೂ ಓಡಿಸಿ ಓಡಿಸಿ ತೆಗೆಯುವ ವಿಡಿಯೋ.
ಈಗ ಸ್ಟುಡಿಯೋ ಶಟರ್ ಎಳೆದು ಇಪ್ಪತ್ತಾರು ದಿನ.
ಬೀಗಕ್ಕೆ ಜೇಡ ಬಲೆ ಕಟ್ಟಿದೆ ಅಂತ
ಪಕ್ಕದ ಝೆರಾಕ್ಸಿನವನು ಫೋಟೋ ಕಳಿಸಿದ್ದ.
ಚೆನ್ನಾಗಿತ್ತು. ನನಗೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಭದ್ರಾವತಿ, ಪೇಪರ್ ಟೌನ್, ಕ್ವಾರ್ಟರ್ಸ್ ಹಿಂದಿನ ಶಟಲ್ ಕೋರ್ಟು.
ಕಾರ್ಖಾನೆ ನಿಂತ ಮೇಲೆ ಇಲ್ಲಿ ಯಾರೂ ಆಡುವುದಿಲ್ಲ.
ಹುಡುಗಿಯ ಅಪ್ಪ ಹಿಂದಿನ ದಿನ ಗರಿಕೆ ಕಿತ್ತು
ಸುಣ್ಣದ ಗೆರೆಗಳನ್ನು ಮತ್ತೆ ಎಳೆದಿದ್ದರು.
ಅಳತೆ ಮರೆತಿರಲಿಲ್ಲ.
ಈ ಅಂಕಣದಲ್ಲಿ ಇವರು, ಆ ಅಂಕಣದಲ್ಲಿ ಬೀಗರು,
ಒಬ್ಬರಿಗೊಂದು ಪ್ಲಾಸ್ಟಿಕ್ ಕುರ್ಚಿ, ನಡುವೆ ಆರಡಿ ಬಿಸಿಲು.
ನೆಟ್ಟಿನ ಎರಡು ಕಬ್ಬಿಣದ ಕಂಬಕ್ಕೆ ಬಾಳೆಕಂದು ಕಟ್ಟಿದರೆ
ಅದೇ ಮಂಟಪ.

ಏಳು ನಲವತ್ತಕ್ಕೆ ಮುಹೂರ್ತ.
ಹತ್ತರೊಳಗೆ ಸೇತುವೆ ದಾಟದಿದ್ದರೆ ಪೊಲೀಸರು ಗಾಡಿ ಇಟ್ಟುಕೊಳ್ಳುತ್ತಾರೆ.

ನನ್ನ ಕೆಲಸದಲ್ಲಿ ನೂರು ಸಲ ‘ಸ್ವಲ್ಪ ನಗಿ’ ಅನ್ನಬೇಕು.
ಆ ದಿನ ಯಾರಿಗೆ ಅನ್ನಲಿ?
ಹುಡುಗನ ಚಿಕ್ಕಮ್ಮ ರವಿಕೆ ಬಟ್ಟೆಯಲ್ಲೇ ಜರಿಯಂಚಿನ ಮಾಸ್ಕು ಹೊಲಿಸಿದ್ದರು.
ಮೂಗುಬೊಟ್ಟು ಇದರ ಮೇಲೆ ಸಿಕ್ಕಿಸಲಾ ಅಂತ ಕೇಳಿ
ತಾವೇ ನಕ್ಕರು. ಕಂಡದ್ದು ಕುಲುಕಿದ ಭುಜ.
ಸ್ಟೂಲಿನ ಮೇಲೆ ವಿಡಿಯೋ ಕಾಲಿನಲ್ಲಿ ಕೊಪ್ಪದ ಅಜ್ಜಿ,
ನೆಟ್‌ವರ್ಕ್ ಹೋಗಿ ಬಾಯಿ ತೆರೆದಲ್ಲೇ ನಿಂತಿದ್ದಳು.
ಇಡೀ ಮದುವೆಯಲ್ಲಿ ಅವಳಷ್ಟು ಅಲುಗಾಡದೆ
ಯಾರೂ ನನಗೆ ನಿಂತುಕೊಡಲಿಲ್ಲ.

ಆಮೇಲೆ ಪುರೋಹಿತರು ‘ಅಂತರಪಟ’ ಅಂದರು.
ಒಂದು ತುದಿಯನ್ನು ಹುಡುಗನ ಭಾವ ಹಿಡಿದ.
ಇನ್ನೊಂದು ಹಿಡಿಯಬೇಕಾದ ಸೋದರಮಾವ ಹಿರಿಯಣ್ಣ,
ಪಾಸಿನ ಆರನೆಯ ಹೆಸರು,
ಮೆಗ್ಗಾನ್ ಆಸ್ಪತ್ರೆಯಲ್ಲಿ. ಬೋರಲು ಮಲಗಿಸಿದ್ದಾರಂತೆ.
ತುದಿ ಗಾಳಿಗೆ ತೂಗಾಡಿತು.
‘ಸೆಲ್ವಣ್ಣ, ನೀವು ಹಿಡೀರಿ’ ಅಂದಳು ಸುಷ್ಮಿತಾ, ಮದುಮಗಳು,
ತಲೆ ಎತ್ತದೆ.
‘ನಾ ಹಿಡಿದ್ರೆ ಫೋಟೋ ಯಾರಮ್ಮ ತೆಗೆಯೋದು?’
‘ಬಟ್ಟೆ ಹಿಡೀರಿ.’

ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಅಂತರಪಟ ತೆಗೆದಿದ್ದೇನೋ.
ಮುಟ್ಟಿದ್ದು ಇದೇ ಮೊದಲು.
ಅಂಚಿನ ಅರಿಶಿನ ಇನ್ನೂ ಒದ್ದೆ.
ಕ್ಯಾಮೆರಾದೊಳಗೂ ಹೀಗೊಂದು ಪರದೆ ಇದೆ,
ಸೆಕೆಂಡಿನ ಇನ್ನೂರನೇ ಒಂದು ಪಾಲು ಸರಿದು ಮುಚ್ಚಿಕೊಳ್ಳುತ್ತದೆ.
ಇದು ಮಂತ್ರ ಮುಗಿಯುವ ತನಕ ಸರಿಯದು,
ತೋಳು ನೋಯುತ್ತದೆ.
ವರ್ಷದಿಂದ ಗೋಡೆ ಗೋಡೆಯಲ್ಲಿ ‘ಅಂತರ ಕಾಪಾಡಿ’ ಓದಿ ಓದಿ
ಆ ಪದವೇ ಕಹಿಯಾಗಿತ್ತು. ಇಲ್ಲಿ ಅದನ್ನೇ ಬಟ್ಟೆ ಮಾಡಿ
ಕೈಗೆ ಕೊಟ್ಟಿದ್ದರು,
ಇಳಿಸಲಿಕ್ಕೆ.

ಇಳಿಸಿದೆವು.
ಜೀರಿಗೆ ಬೆಲ್ಲ ಹಾರಿದ್ದು, ಇಬ್ಬರೂ ಮಾಸ್ಕು ಕೆಳಗೆಳೆದದ್ದು,
ಅವನ ಮೀಸೆಗೆ ಒಂದು ಕಾಳು ಅಂಟಿದ್ದು,
ಅವಳ ಬಾಯಿ,
ಎಲ್ಲವನ್ನೂ ಎರಡೂ ಕಣ್ಣು ಬಿಟ್ಟು ನೋಡಿದೆ.

ಕ್ಯಾಮೆರಾ ಆಗ ಪಾಸಿನಲ್ಲಿಲ್ಲದ ಒಬ್ಬ ಹುಡುಗನ ಕೈಯಲ್ಲಿತ್ತು,
ಕಾಂಪೌಂಡ್ ಹತ್ತಿ ಕೂತಿದ್ದವನು, ಎಂಟು ವರ್ಷ ಇರಬಹುದು.
ಅವನು ಒತ್ತಿದ್ದು ಒಂದೇ ಸಲ:
ಹಳದಿ ಮೆತ್ತಿದ ನನ್ನ ಹೆಬ್ಬೆರಳು, ಬಟ್ಟೆಯ ಮಡಿಕೆ,
ಅದರಾಚೆ ಮಬ್ಬಾಗಿ ಒಂದು ಹಣೆ, ಬಾಸಿಂಗದ ಅರ್ಧ.
ಆಲ್ಬಮ್ಮಿನಲ್ಲಿ ಅದಕ್ಕೇ ಪೂರಾ ಎರಡು ಪುಟ ಬೇಕೆಂದರು.

ಜುಲೈನಲ್ಲಿ ಶಟರ್ ಎತ್ತಿದ ವಾರ ಹಿರಿಯಣ್ಣ ಬಂದರು.
ಬೆಲ್ಟಿಗೆ ಹೊಸದಾಗಿ ಎರಡು ತೂತು.
ಮೂರೇ ಮೆಟ್ಟಿಲಿಗೆ ಎರಡು ಸಲ ನಿಂತರು.
ಕೂತು, ನೀರು ಕುಡಿದು, ಪುಟ ತಿರುವುತ್ತಾ
ಅಲ್ಲಿಗೆ ಬಂದು ಬಹಳ ಹೊತ್ತು ಸುಮ್ಮನಿದ್ದರು.

‘ಇಷ್ಟು ತಗ್ಗಿಗೆ ಹಿಡಿಯೋದಾ?
ನಮ್ಮ ಹುಡುಗಿ ಎತ್ತರ ಮಾರಾಯ, ನಮ್ಮಕ್ಕನ ಥರ.
ಹಣೆ ಕಾಣ್ತಾ ಇದೆ ನೋಡು.’