ಮುನಿದದ್ದು, ಮುಗಿದದ್ದು

ಶಕ್ತಿನಗರದ ಜನವರಿ. ಹೊಳೆಯ ಮೇಲಿಂದ ಬಂದ ಗಾಳಿ
ಕೂಲಿಂಗ್ ಟವರಿನ ಹಬೆಯನ್ನು ದೇವಸೂಗೂರಿನತ್ತ ತಳ್ಳುತ್ತಿದೆ.
ಕ್ವಾರ್ಟರ್ಸಿನ ಬಚ್ಚಲ ಪಕ್ಕ, ಅಕ್ಕಿ ಡಬ್ಬಿಯ ಹಿಂದೆ
ಇಪ್ಪತ್ತು ಲೀಟರ್ ಕತ್ತಲು.

ಹದಿನೇಳು ದಿನದ ಹಿಂದೆ ಅದಕ್ಕೆ ಹುಚ್ಚು ಹಿಡಿದಿತ್ತು.
ಮುಚ್ಚಳ ಹಾರಿಸಿ, ಗೋಡೆಗೆ ನೊರೆ ಉಗಿದು,
ರಾತ್ರಿಪಾಳಿ ಮುಗಿಸಿ ಬಂದವನನ್ನು
ಮೂಗು ಹಿಡಿದೇ ಒಳಗೆ ಎಳೆದುಕೊಂಡಿತ್ತು.
ಬಾರ್ಲಿಯ ಜೊತೆ ಮಾನ್ವಿಯ ಜೋಳವನ್ನೂ ಒಂದು ಸೇರು
ಹಂಚಿನ ಮೇಲೆ ಕರಕಲಾಗುವ ತನಕ ಹುರಿದಿದ್ದೆ.
"ಏನ್ ಸುಡ್ಲಿಕತ್ತೀಯೋ?" ಎಂದ ಗೋಡೆಯಾಚೆಯ ಖಾಜಾಸಾಬ್.
"ಕಾಫಿ" ಅಂದೆ. ಅರ್ಧವೇ ಸುಳ್ಳು.

ಈಗ ನಾಲ್ಕು ದಿನದಿಂದ ಒಂದು ಗುಳ್ಳೆಯಿಲ್ಲ.
ಬಾಯ್ಲರಿನ ನೀರು ಅಳೆದು ಸಂಬಳ ಪಡೆಯುವವನು ನಾನು,
ಅಳತೆಗೆ ಎದುರಾಡುವ ಅಭ್ಯಾಸವಿಲ್ಲ.
ಗಾಜಿನ ತೇಲುಕಡ್ಡಿ ಇಳಿಬಿಟ್ಟೆ: ಸಾವಿರದ ಮೂವತ್ತನಾಲ್ಕು.
ಮರುದಿನ ಮೂವತ್ತನಾಲ್ಕು.
ಅದರ ಮರುದಿನವೂ.
ತೊಂಬತ್ತೆರಡರಿಂದ ಬಿದ್ದೆದ್ದು ಓಡಿಬಂದದ್ದು
ಮೂವತ್ತನಾಲ್ಕರ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದೆ.
ಪುಸ್ತಕದಲ್ಲಿ ಬರೆದೆ: ಮುಗಿಯಿತು.
ನಾಲಿಗೆ ಸಹಿ ಹಾಕಲಿಲ್ಲ.
ಹೂರಣದ ಪಾತ್ರೆ ತೊಳೆದ ನೀರಿನಂಥ ಸಿಹಿ.

ಮೆಟ್ಟಿಲ ಕೆಳಗೆ ಇಸ್ತ್ರಿ ಹಾಕುವ ಮಾಣಿಕ್ಯಮ್ಮ
ಅಂಗಿ ಕೊಡಲು ಬಂದವಳು ವಾಸನೆಗೆ ನಿಂತಳು.
ಸೇಂದಿ ಅಂಗಡಿ ನಡೆಯುತ್ತಿದ್ದ ಕಾಲದಲ್ಲಿ
ಗಡಿಯಾಚೆಯ ಈಚಲು ವನದಿಂದ ಗಡಿಗೆ ಹೊತ್ತು ತಂದವಳು.
ಕೇಳದೆಯೇ ಕೂತು, ಸೆರಗು ಸರಿಸಿ,
ಡ್ರಮ್ಮಿಗೆ ಕಿವಿ ಹಚ್ಚಿದಳು,
ಬಸುರಿಯ ಹೊಟ್ಟೆಗೆ ಹಚ್ಚಿದ ಹಾಗೆ.

"ಮುಗಿದಿಲ್ಲಪ ಇದು, ಮುನಿದದ.
ಚಳಿಗೆ ಮಾರಿ ತಿರುವಿ ಮಲಗ್ಯಾದ."

"ಕಡ್ಡಿ ಮುಗಿದಿದೆ ಅಂತದಲ್ಲ?"

"ಕಡ್ಡಿಗೇನು ಗೊತ್ತು, ಅದು ತೇಲೂದು.
ತಳದಾಗ ಕುಂತವರ ಸಿಟ್ಟು ತೇಲಾಕಿಗೆ ತಿಳೀತದೇನು?"

ಹಳೇ ಹೆಪ್ಪು ಸತ್ತರೆ ಹೊಸ ಹೆಪ್ಪು, ಆದರೆ ಸುಮ್ಮನೆ ಸುರಿಯಬಾರದು,
ನಿದ್ದೆಯ ಮನೆಗೆ ನಿದ್ದೆಗಣ್ಣಿನವನನ್ನು ಕಳಿಸಿದರೆ ಅವನೂ ಮಲಗುತ್ತಾನೆ,
ಮೊದಲು ಹೊರಗೆ ಕುಣಿಸು ಎಂದಳು.
ಸ್ಟೀಲಿನ ಚೊಂಬಿನಲ್ಲಿ ಬೆಲ್ಲದ ನೀರು, ಒಂದು ಚಿಟಿಕೆ ಈಸ್ಟು,
ಒಲೆಯ ಮಗ್ಗುಲು. ಸಂಜೆಗೆ ಚೊಂಬು ಟೋಪಿ ಹಾಕಿಕೊಂಡಿತು.
ಆ ಕುಣಿತವನ್ನು ಕುಣಿಯುತ್ತಿರುವಾಗಲೇ ಒಳಗೆ ಬಿಟ್ಟೆವು,
ಸದ್ದಿಲ್ಲದೆ, ಗಾಳಿ ಕಲಕದಂತೆ.

ಆಮೇಲೆ ದಿನಾ ಸಂಜೆ
ಇದ್ದಿಲ ಇಸ್ತ್ರಿಯಿಂದ ಆಗತಾನೇ ಇಳಿದ ಬೆಡ್‌ಶೀಟು
ಬಿಸಿಬಿಸಿ ತಂದು ಡ್ರಮ್ಮಿಗೆ ಸುತ್ತುತ್ತಿದ್ದಳು,
ಬೆಳಗ್ಗೆ ಬಿಚ್ಚಿ, ಮತ್ತೆ ಮಡಿಕೆ ಮಾಡಿ
ದೊಡ್ಡ ಎಂಜಿನಿಯರರ ಮನೆಗೆ ಒಯ್ಯುತ್ತಿದ್ದಳು.
ನನಗೆ ಪಾಪಪ್ರಜ್ಞೆ. ಅವಳಿಗೆ ಇರಲಿಲ್ಲ.

ಎರಡನೇ ರಾತ್ರಿ, ಕಲ್ಲಿದ್ದಲ ರೈಲು ಹಾದುಹೋದ ಮೇಲೆ,
ಬಚ್ಚಲ ಕಡೆಯಿಂದ
ಒಂದು ಗುಳುಕ್.

ತಡೆದು ಇನ್ನೊಂದು.
ವರ್ಷಗಟ್ಟಲೆ ಮಾತು ಬಿಟ್ಟವರು
"ಉಪ್ಪು ಎಲ್ಲಿದೆ" ಎಂದು ಶುರುಮಾಡುವ ಹಾಗೆ.

ಮೂವತ್ತು. ಇಪ್ಪತ್ತಾರು. ಇಪ್ಪತ್ತೆರಡು.
ಇಪ್ಪತ್ತೆರಡು. ಇಪ್ಪತ್ತೆರಡು.
ಈ ಸಲ ಪುಸ್ತಕ ತೆರೆಯಲಿಲ್ಲ, ಅವಳಿಗೆ ಕಾದೆ.
ಕಿವಿ ಹಚ್ಚಿದಳು, ಬಹಳ ಹೊತ್ತು.
"ಹಾಂ. ಈಗ ಮುಗೀತು."

ಸುಮ್ಮನಿರುವುದರಲ್ಲಿ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ.
ಉತ್ತರ ಕೊಡದೆ, ಅಳತೆಯ ಜಾಡಿಯಲ್ಲಿ ಉಳಿದದ್ದನ್ನು ಮೂಸಿ
ತುಟಿಗೆ ತಾಗಿಸಿ, ಕಹಿಗೆ ಒಂದು ಕಣ್ಣು ಮುಚ್ಚಿದಳು.
"ನಮ್ಮದು ಸಂಜಿಗೇ ಹುಳಿ ಆಗ್ತಿತ್ತು. ನಿಂದು ಎಷ್ಟು ದಿನ ಇರ್ತದ?"
"ಬಾಟಲಿಯಲ್ಲಿ ಒಂದು ವರ್ಷ. ಇಟ್ಟಷ್ಟೂ ಒಳ್ಳೆಯದು."
"ವರ್ಷ!" ನಕ್ಕಳು. "ಯಾರ್ ಇರ್ತಾರೋ, ಯಾರ್ ಕುಡೀತಾರೋ."

ಮೂವತ್ತು ಬಾಟಲಿ ತೊಳೆಯುವುದು ಬಾಕಿ.
ಬೆಡ್‌ಶೀಟಿನ ಮೂಲೆಯಲ್ಲೊಂದು ಕಂದು ಕಲೆ ಉಳಿಯಿತಂತೆ.
ಎಂಜಿನಿಯರರ ಹೆಂಡತಿ ಬೆರಳಿಟ್ಟು ಕೇಳಿದಾಗ
"ಕಲ್ಲಿದ್ದಲ ಧೂಳರೀ" ಅಂದಳಂತೆ.
ಈ ಊರಿನಲ್ಲಿ ಆಮೇಲೆ
ಯಾರೂ ಇನ್ನೊಂದು ಪ್ರಶ್ನೆ ಕೇಳುವುದಿಲ್ಲ.